ಉಪಚಾರದ ಮಾತು

ಗಿಲ್‌ಹೂಲಿಯ ಮನೆ ಮುಂದೆ ಡ್ರಮ್‌ಶಾನ್‌ಬೋ
ಊರಿಗೆ ಊರೇ ಸಾಲುಗಟ್ಟಿತ್ತು,
ಶ್ಯಾನನ್ ಹೊಳೆಯ ಚಳಿ ಕೋಟಿನಲ್ಲಿ ಹೊತ್ತು.
ಎಲ್ಲರ ನಾಲಿಗೆಯ ಮೇಲೂ ಅದೇ ವಾಕ್ಯ,
ಮುತ್ತಜ್ಜಂದಿರಿಂದ ಬಂದ ಸವಕಲು ನಾಣ್ಯ:
"ನಿಮಗೆ ಬಂದ ಕಷ್ಟಕ್ಕೆ ವಿಷಾದ."

ಕೈ ಹಿಡಿಯಬೇಕು, ಹೇಳಬೇಕು, ಮುಂದೆ ಸರಿಯಬೇಕು.
ಅವಳು "ಬಂದಿರಲ್ಲ, ಉಪಕಾರವಾಯಿತು" ಅನ್ನಬೇಕು.

ಅಟ್ರಾಕ್ಟಾ ಅನ್ನಲಿಲ್ಲ.
"ಬಂದದ್ದಲ್ಲ, ಹೋದದ್ದು.
ನಲವತ್ತೊಂದು ವರ್ಷದ ಕಷ್ಟ.
ನೋಡಿ, ಪೆಟ್ಟಿಗೆಯಲ್ಲಿದೆ, ಟೈ ಕಟ್ಟಿಕೊಂಡು."

ಪಾದ್ರಿ ಕೆಮ್ಮಿದರು. ನಾದಿನಿ ಚಹಾ ತಂದಳು.
ಎರಡು ಸಲ ಬೇಡವೆಂದು ಮೂರನೆಯ ಸಲಕ್ಕೆ
ಹೂಂ ಅನ್ನುವುದು ನಮ್ಮ ಕಡೆಯ ರೂಢಿ.
ಇವಳು ಕೇಳುವ ಮೊದಲೇ ಕಪ್ ಕಿತ್ತುಕೊಂಡಳು,
ಗುಟುಕರಿಸಿ, "ಸಕ್ಕರೆ ಸಾಲದು" ಅಂದಳು.

ನನ್ನ ಸರದಿ.
ಬಾಯಿಪಾಠ ಮಾಡಿದ್ದು ಗಂಟಲಲ್ಲಿ
ಮೀನಿನ ಮುಳ್ಳಿನಂತೆ ನಿಂತಿತು.
ನಮ್ಮಿಬ್ಬರ ಮನೆಗೂ ನಡುವೆ ಒಂದೇ ಗೋಡೆ.

"ನನಗೆ ಕೇಳಿಸುತ್ತಿತ್ತು," ಅಂದೆ. "ಎಲ್ಲ. ಪ್ರತಿ ಶನಿವಾರ.
ರೇಡಿಯೋ ಜೋರು ಮಾಡುತ್ತಿದ್ದೆ."

"ಗೊತ್ತು," ಅಂದಳು.
"ರೇಡಿಯೋ ನನಗೂ ಕೇಳಿಸುತ್ತಿತ್ತು."

ಕೈ ಬಿಡಲಿಲ್ಲ.
ಹಿಂದಿದ್ದವರು, ಮರ್ಯಾದಸ್ಥರು,
ತಮ್ಮ ತಮ್ಮ ಬೂಟು ನೋಡಿಕೊಳ್ಳುತ್ತಿದ್ದರು.