ಎದಿ ಕಟ್ಟ್ಯಾದ

ಕೇಸ್ ಪೇಪರ್ ಕಿಟಕಿಯಲ್ಲಿ ಚಿಲ್ಲರೆ ಎಣಿಸುತ್ತಿದ್ದೆ.
ಹನ್ನೊಂದನೇ ಓಪಿಡಿಯಿಂದ ಕರೆ ಬಂತು:
ನಿಮ್ಮ ಭಾಷೆಯವರು ಯಾರೋ ಬಂದಿದ್ದಾರೆ, ಬನ್ನಿ.

ನನ್ನ ಭಾಷೆ ಏಳನೇ ಇಯತ್ತೆಗೆ ನಿಂತದ್ದು.
ಧಾರಾವಿಯ ಮುನ್ಸಿಪಾಲಿಟಿ ಶಾಲೆ;
ಕೆಳಗೆ ತಮಿಳು, ನಡುವೆ ಉರ್ದು,
ಮೇಲಿನ ಮಾಳಿಗೆಯಲ್ಲಿ ನಾವು ಹದಿನಾಲ್ಕು ಮಕ್ಕಳು
ಮತ್ತು ಐಹೊಳ್ಳಿ ಮಾಸ್ತರರ ಸೀಮೆಸುಣ್ಣದ ಬೆರಳು.
ಆ ಹದಿನಾಲ್ಕರಲ್ಲಿ ಸಾಯನ್ ಆಸ್ಪತ್ರೆಗೆ
ನಾನೊಬ್ಬಳೇ ಸಿಕ್ಕಿದ್ದೆ.

ಸಾಬಮ್ಮ. ಐವತ್ತೋ ಅರವತ್ತೋ.
ಸುರಪುರ ತಾಲೂಕು, ಸದ್ಯ ವಡಾಳಾ ಖಾಡಿಯ ಬದಿ.
ಸ್ಟೂಲಿನ ಮೇಲೆ ಕೂತು
ಎರಡೂ ಕೈ ಮೊಣಕಾಲಿಗೆ ಊರಿ
ಒಂದೊಂದೇ ಉಸಿರನ್ನು
ಆಳದ ಬಾವಿಯಿಂದ ಸೇದುತ್ತಿದ್ದಾಳೆ.
'ಎದಿ ಕಟ್ಟ್ಯಾದ, ಯವ್ವಾ.'

ಡಾಕ್ಟರ್ ತೋರಸ್ಕರ್, ಮೀಸೆ ಈಗಷ್ಟೇ ಬಲಿತ ಹುಡುಗ,
ಪೆನ್ನೆತ್ತಿ ನನ್ನ ಮುಖ ನೋಡಿದ.
ಅವಸರಕ್ಕೆ 'ಛಾತಿ ಬಾಂಧಲೀ' ಅಂದುಬಿಟ್ಟೆ.
'ಬಾಂಧಲೀ? ಕಟ್ಟಿದ್ದು ಯಾರು?'

ಯಾರು.

ಕನ್ನಡದಲ್ಲಿ ಇದನ್ನು ಯಾರೂ ಕೇಳುವುದಿಲ್ಲ.
ಮೂಗು ಕಟ್ಟುತ್ತದೆ, ಗಂಟಲು ಕಟ್ಟುತ್ತದೆ,
ಜೂನ್ ಬಂದರೆ ಕಿಂಗ್ಸ್ ಸರ್ಕಲ್ಲಿನ ಗಟಾರ ಕಟ್ಟುತ್ತದೆ,
ಯಾರೂ ಕಟ್ಟದೆ, ತಂತಾನೇ.
ಮಿಕ್ಕ ಕಟ್ಟುಗಳಿಗೆಲ್ಲ ಒಂದು ಕೈ ಇದೆ:
ಬುತ್ತಿ ಕಟ್ಟಿದವಳು,
ತಾಳಿ ಕಟ್ಟಿ ಮೂರೇ ತಿಂಗಳಿಗೆ ದುಬೈ ಹತ್ತಿದವನು,
ಅವನ ಬಗ್ಗೆ ಕತೆ ಕಟ್ಟಿದ ಚಾಳಿನ ನೆರೆಯವರು,
ಪ್ರತಿ ತಿಂಗಳ ಐದಕ್ಕೆ ಕಂತು ಕಟ್ಟುವ ನಾನು.
ಕರ್ತೃ ಎಲ್ಲಿ? ಅನ್ನುತ್ತಿದ್ದರು ಮಾಸ್ತರರು.
ಹದಿನಾಲ್ಕು ಪಾಟಿಗಳ ಮೇಲೆ
ಹದಿನಾಲ್ಕು ಸೊಟ್ಟ ಗೆರೆ ಬೀಳುತ್ತಿದ್ದವು.

'ಏನು ಕೆಲಸ, ಕೇಳಿ.'
'ಕಟ್ಟಾದು,' ಅಂದಳು ಸಾಬಮ್ಮ.
ಅದೇ ಮಾತು.
'ಅಂಟಾಪ್ ಹಿಲ್‌ನ್ಯಾಗ ಹದಿನೆಂಟು ಮಾಳಗಿ.
ಚೆಂಬೂರಾಗ ಜೋಡಿ, ಅವಳಿ ಕೂಸಿನಂಗ.
ಪರೇಲದಾಗ ಗಿರಣಿ ಕೆಡವಿದ ಜಾಗಾಕ್ಕ ಒಂದು,
ಎಷ್ಟು ಮಾಳಗಿನೋ, ಮ್ಯಾಲ ನೋಡಿದ್ರ ಸೆರಗು ಜಾರ್ತಿತ್ತು.
ಕಡೀಕ ಆರು ವರ್ಸ
ಕಲ್ಲು ಕೊಯ್ಯಾ ಮಿಷನ್ ಮುಂದ.
ಮೈ ತುಂಬ ಬಿಳೇ ಹಿಟ್ಟು.
ಮನಿಗಿ ಬಂದ್ರ ಮೊಮ್ಮಗ,
ಆಯೀ, ರೊಟ್ಟಿ ಬಡದು ಬಂದೇನ, ಅಂತಿದ್ದ.'

ಬಾಯಿಗೆ ಏನು ಕಟ್ಟುತ್ತಿದ್ದಳಂತೆ?
'ಸೆರಗು.'

ಎಕ್ಸ್‌ರೇ ಹಾಳೆಯನ್ನು ಅವನು ಕಿಟಕಿಯ ಬೆಳಕಿಗೆ ಹಿಡಿದ.
ಪಕ್ಕೆಲುಬುಗಳ ನಡುವೆ ಚುಕ್ಕೆ, ಚುಕ್ಕೆ, ಚುಕ್ಕೆ,
ರಾತ್ರಿ ಫ್ಲೈಓವರಿನಿಂದ ಕಾಣುವ
ಬೇರೆಯವರ ಮನೆಯ ದೀಪಗಳು.
ಉದ್ದದ ಒಂದು ಇಂಗ್ಲಿಷ್ ಶಬ್ದ ಹೇಳಿದ,
ಕೊನೆಗೆ ಸಿಸ್ ಎಂದು ಗಾಳಿ ಬಿಟ್ಟಂತೆ.
ಏಳನೇ ಇಯತ್ತೆಯ ತನಕ ಅದು ಬಂದಿರಲಿಲ್ಲ.

'ಏನಂತಾನ?'
'ಎದಿ ಕಟ್ಟ್ಯಾದಂತ,' ಅಂದೆ.
'ಅದನ್ನ ನಾನೇ ಹೇಳಿದ್ನೆಲ್ಲ.'

ಕೇಸ್ ಪೇಪರ್ ಈಗ ನನ್ನ ಕೈಗೆ ಬಂತು.
ವ್ಯವಸಾಯ, ಅಂತ ಅದರಲ್ಲೊಂದು ಸಾಲು.
ಮರಾಠಿಯಲ್ಲಿ ಅದು ಉದ್ಯೋಗ, ನಮ್ಮಲ್ಲಿ ಬೇಸಾಯ.
ಅದರೆದುರು, ಬೆಳಿಗ್ಗೆ, ಇವಳ ಮುಖವನ್ನೂ ನೋಡದೆ
ಯಾರೋ ತುಂಬಿದ್ದರು: ಘರಕಾಮ.
ಅಕ್ಷರ ನನ್ನದೇ.

ಹೊಡೆದುಹಾಕಿ ಮೇಲೆ ಬರೆದೆ: ಬಾಂಧಕಾಮ.
ತೋರಸ್ಕರ್ ಓದಿದ. ಇನ್ನೊಮ್ಮೆ ಓದಿದ.
ಆಮೇಲೆ, ನನ್ನ ಮೊದಲಿನ ತಪ್ಪು ಅನುವಾದ
ಈಗ ಕೇಳಿಸಿದವನಂತೆ
ತಲೆಯೆತ್ತಿ ಅವಳ ಕಡೆ ನೋಡಿದ.

ಹೊರಗೆ ಬಾಕಿನ ಮೇಲೆ ಕೂತು ಸಾಬಮ್ಮ
ಹದಿನೈದು ದಿನದ ಮಾತ್ರೆಗಳನ್ನು
ಸೆರಗಿನ ತುದಿಗೆ ಸುರುವಿಕೊಂಡು ಗಂಟು ಕಟ್ಟಿದಳು.
ಬಿದಿರಿನ ಅಟ್ಟಣಿಗೆ ಹತ್ತುವ ಮುಂಚೆ
ಹಗ್ಗ ನೋಡುವ ಹಾಗೆ
ಎರಡು ಸಲ ಜಗ್ಗಿ ನೋಡಿದಳು.