ಒಂಟಿಗೈ

ಸೋಮವಾರದಿಂದ ಕ್ಯಾಚ್‌ಪೋಲರ ಮನೆಗೆ ನಾನೊಬ್ಬಳೇ.
ಫೋನಿಗೆ ಬಂದ ಪಾಳಿಯ ಪಟ್ಟಿಯಲ್ಲಿ
ಡೋನಾಳ ಹೆಸರಿದ್ದ ಜಾಗದಲ್ಲೀಗ ಒಂದು ಪದ:
ಸಿಂಗಲ್ ಹ್ಯಾಂಡೆಡ್.

ಲೋಸ್ಟಾಫ್ಟಿನ ಬೆಳಗು, ಆರೂ ಮುಕ್ಕಾಲು.
ನಿನ್ನೆಯ ಚಿಪ್ಸಿನ ಕಾಗದಕ್ಕೆ ಕಡಲಹಕ್ಕಿಗಳ ಜಗಳ.
ಬಸ್ಸಿನಲ್ಲಿ ಕೂತು ಆ ಪದವನ್ನು
ಕನ್ನಡದ ದಡಕ್ಕೆ ಎಳೆದು ನೋಡಿದೆ.
ಒಂಟಿಗೈಯವಳು? ಅವಳಿಗೆ ಇರುವುದೇ ಒಂದು ಕೈ.
ಏಕಾಂಗಿ? ಅದರೊಳಗೆ ಆಗಲೇ ಯಾರೋ ಅಳುತ್ತಿದ್ದಾರೆ.
ಸ್ವಂತ ಬಲದಿಂದ? ಚುನಾವಣೆಯ ಭಾಷಣ.
ಗದಗಿನಲ್ಲಿ ನಮ್ಮ ಸೋದರತ್ತೆ
ಇಪ್ಪತ್ತು ಜನರ ರೊಟ್ಟಿ ಬಡಿದು
ಒಲೆಯ ಮುಂದಿಂದ ಎದ್ದು ಅನ್ನುತ್ತಿದ್ದಳು,
‘ಒಬ್ಬಾಕೀನ ಮಾಡೀನಿ ನೋಡವಾ.’
ಆ ಮಾತಿನಲ್ಲಿ ಕೈ ಇಲ್ಲ, ಬೆನ್ನಿದೆ.

ಇಂಗ್ಲಿಷಿನವರು ಇದನ್ನು ಹೊಗಳಿಕೆಗೂ ಇಡುತ್ತಾರೆ, ಬೈಗುಳಕ್ಕೂ:
ಉರಿಯುವ ಮನೆಯಿಂದ ಒಬ್ಬನೇ ಮೂವರನ್ನು ಹೊರತಂದ;
ಅಪ್ಪನ ಮೀನಂಗಡಿಯನ್ನು ಒಬ್ಬನೇ ಮುಳುಗಿಸಿದ.
ಎರಡಕ್ಕೂ ಅದೇ ಪದ, ಬಾಲಕ್ಕೊಂದು ‘ಲಿ’ ಅಂಟಿಸಿದರಾಯಿತು.
ಕೌನ್ಸಿಲ್ಲಿನವರು ಅದನ್ನು ಉಳಿತಾಯಕ್ಕೆ ಇಟ್ಟಿದ್ದಾರೆ.

ವಾಲ್ಟರ್ ಕ್ಯಾಚ್‌ಪೋಲರಿಗೆ ಎಂಬತ್ತಾರು.
ಲಕ್ವ ಅವರ ಎಡಭಾಗವನ್ನು ಒಯ್ದಿದೆ.
ಗೋಡೆಯ ಪಟದಲ್ಲಿ ಹಳದಿ ಹಾಯಿಯ ದೋಣಿ,
ಕೆಳಗೆ ಹಿತ್ತಾಳೆಯ ತಗಡು, ತಗಡಿನಲ್ಲಿ
ಅಝೋರ್ಸ್ ದ್ವೀಪಕ್ಕೆ ಹೋಗಿ ಬಂದ ವರ್ಷ, ಮತ್ತೆ
ಅದೇ ಪದ.
ಎರಡು ವರ್ಷ ಧೂಳು ಒರೆಸಿದ್ದೇನೆ, ಓದಿದ್ದು ಇವತ್ತು.

ಜೋಲಿ ಹಾಸಿದೆ. ಎತ್ತುವ ಯಂತ್ರದ ಕೊಕ್ಕೆಗೆ ನಾಲ್ಕು ಕುಣಿಕೆ.
ನಾಲ್ಕನೆಯದನ್ನು ಡೋನಾ ಸಿಕ್ಕಿಸುತ್ತಿದ್ದಳು,
ಸಿಕ್ಕಿಸುತ್ತ ಹಾಡುತ್ತಿದ್ದಳು, ಶ್ರುತಿಯ ಹಂಗಿಲ್ಲದೆ.
ಈಗ ಗುಂಡಿ ಒತ್ತುವ ಕೈಯೂ ನನ್ನದು,
ತಲೆಗೆ ಆನಿಸುವ ಕೈಯೂ ನನ್ನದು.
ಮುದುಕರು ಗಾಳಿಯಲ್ಲಿ ತೇಲಿ ತುಸು ತಿರುಗಿದರು,
ಬಲಗೈ ಚಾಚಿ ಮಂಚದ ಕಂಬಿ ಹಿಡಿದು
ತಮ್ಮನ್ನು ತಾವೇ ದಡಕ್ಕೆ ಕಟ್ಟಿಕೊಂಡರು.

‘ಆ ತಗಡು ಸುಳ್ಳು’ ಅಂದರು, ಬಾಯಿಯ ಒಂದೇ ಅಂಚಿನಿಂದ.
‘ಹಾಯಿ ಹೊಲಿದವಳು ಮೇವಿಸ್,
ಅಡುಗೆಮನೆಯ ನೆಲದಲ್ಲಿ, ಹನ್ನೊಂದು ರಾತ್ರಿ.
ಧಕ್ಕೆಯ ಹಗ್ಗ ಬಿಚ್ಚಿದವನು ಅವಳ ತಮ್ಮ.
ರೇಡಿಯೋದಲ್ಲಿ ಗಾಳಿಯ ಸುದ್ದಿ ಓದುತ್ತಿದ್ದವನ
ಹೆಸರೇ ಗೊತ್ತಿಲ್ಲ ನನಗೆ.
ಹೊರಟ ದಿನ ಅವಳ ಬೆರಳ ತುಂಬ ಸೂಜಿಯ ಗಾಯ.
ಪತ್ರಿಕೆಯವನು ಬರೆದ: ಗುಲಾಬಿ ಬೆಳೆಸುವ ಹೆಂಡತಿ.’

ಸ್ಪಂಜು ಹಿಂಡುತ್ತ ಅಂದೆ,
ನಮ್ಮ ಭಾಷೆಯಲ್ಲಿ ಹೆಂಡತಿಗೆ ಕೈಹಿಡಿದವಳು ಅನ್ನುತ್ತಾರೆ.
ಅವರು ಬಹಳ ಹೊತ್ತು ಸೂರು ನೋಡಿದರು.
ಆಮೇಲೆ:
‘ಹಾಗಿದ್ದರೆ ತಗಡು ನಿಜವೇ.
ಇನ್ನೊಂದು ಅವಳ ಹತ್ತಿರ ಇತ್ತಲ್ಲ.’

ಮುಗಿಸುವಾಗ ಫಾರಮ್ಮು ಕೇಳಿತು: ಎಷ್ಟು ಜನ ಬೇಕಾಯಿತು?
ಎರಡು, ಎಂದು ಬರೆದೆ.
ಮಧ್ಯಾಹ್ನ ಆಫೀಸಿನಿಂದ ಫೋನು: ಇನ್ನೊಬ್ಬರು ಯಾರು?
ಅವರೇ, ಅಂದೆ. ಕಂಬಿ ಹಿಡಿದಿದ್ದರು.
ಸಿಬ್ಬಂದಿಯನ್ನು ಮಾತ್ರ ಎಣಿಸಬೇಕಂತೆ.

ಸಂಜೆ ಡೋನಾಳ ಸಂದೇಶ, ಊರಿನ ಇನ್ನೊಂದು ತುದಿಯಿಂದ:
ಸೊಂಟ ಹಿಡಿದಿದೆ, ನಿನಗೆ?
ಹೆಬ್ಬೆರಳೊಂದರಲ್ಲೇ ಒತ್ತಿ ಉತ್ತರಿಸಿದೆ, ತಪ್ಪು ತಪ್ಪಾಗಿ.
ಇನ್ನೊಂದು ಕೈ ಬಸ್ಸಿನ ಕಂಬಕ್ಕೆ ಬೇಕಿತ್ತು.