ಮಿಡತೆಯನ್ನು ಬಿಚ್ಚಿದ್ದು

ಸರಗೋಸಾದಲ್ಲಿ ಕಾಗದದ ಹಕ್ಕಿ ಮಡಿಸಲು ಬಾರದ ಮಗುವಿಲ್ಲ.
ಅತ್ತೆ ಒಬ್ದೂಲಿಯಾಗೆ ಹಕ್ಕಿ ಸಾಕಾಗಲಿಲ್ಲ.
ಔಷಧದಂಗಡಿಯ ಹಲಗೆಯ ಹಿಂದೆ ನಲವತ್ತು ವರ್ಷ
ಪುಡಿ ಪೊಟ್ಟಣ ಕಟ್ಟಿದ ಕೈ:
ಒಂದು ಚಿಟಿಕೆಯೂ ಚೆಲ್ಲದ ಹಾಗೆ
ಉಗುರಲ್ಲಿ ಗೀರಿ, ಮಡಿಸಿ, ಕಿವಿ ಸಿಕ್ಕಿಸಿ,
ಕೆಮ್ಮಿಗೆ ಒಂದು, ನಿದ್ದೆಗೆ ಒಂದು,
ಹೊಟ್ಟೆನುಲಿತಕ್ಕೆ ಎರಡು.

ಮಂಗಳವಾರ ಸಂಜೆ ನದಿಬದಿಯ ಕೆಫೆಯಲ್ಲಿ
ಮಡಿಸುವವರ ಮೇಜು.
ಲೆಕ್ಕದ ಮೇಷ್ಟ್ರು ತಿಬುರ್ಸಿಯೊ ಅಲ್ಲಿ ಸಾಧಿಸಿ ತೋರಿಸಿದ್ದ,
ಕೈ ಒರೆಸುವ ಕಾಗದದ ಮೇಲೆ, ಕಾಫಿ ಕಲೆಯ ಪಕ್ಕ:
"ಚೌಕಕ್ಕೆ ಮೂಲೆ ನಾಲ್ಕೇ.
ಮಿಡತೆಗೆ ಕಾಲು ಆರು, ಮೀಸೆ ಎರಡು.
ಕತ್ತರಿ ಬೇಕೇ ಬೇಕು."
ಅತ್ತೆ ತನ್ನ ಕತ್ತರಿಯನ್ನು ಅವನ ಕಡೆ ಸರಿಸಿದಳು.
"ಇಟ್ಟುಕೋ. ಅಂಚಿನಲ್ಲೂ ಕಾಲಿರುತ್ತೆ,
ನಟ್ಟನಡುವೆಯೂ ಇರುತ್ತೆ.
ಕರೀಬೇಕು, ಅಷ್ಟೆ."

ಹನ್ನೊಂದು ತಿಂಗಳು ಕರೆದಳು.
ಬಂತು.
ಸಿಯೆರ್ಸೊ ಗಾಳಿ ಬಾಗಿಲು ದೂಡಿ ಒಳನುಗ್ಗಿದಾಗ
ಮಾಣಿ ತಟ್ಟೆಯೆತ್ತಿ ಹೊಡೆಯಲು ಹೋದ,
ಅಷ್ಟು ದಿಟದ ಮಿಡತೆ.

ನಕ್ಷೆ ಬರೆದಿಡಲಿಲ್ಲ ಅವಳು.
ಬರೆದರೆ ಕೈ ಸೋಮಾರಿಯಾಗುತ್ತೆ ಎನ್ನುತ್ತಿದ್ದಳು.

ಮಡಿದ ಮೇಲೆ ಉಳಿದದ್ದು ಅವಳು ಮಡಿಸಿದ್ದು.
ಬಿಚ್ಚೋಣವೇ ಬೇಡವೇ, ಮೂರು ಮಂಗಳವಾರ ಜಗಳ.
ನಾಲ್ಕನೆಯದಕ್ಕೆ ನನ್ನ ಕೈಗೆ ಕೊಟ್ಟರು, ರಕ್ತಸಂಬಂಧಿ ಎಂದು.
ಯಾರೂ ಲೋಟ ಎತ್ತಲಿಲ್ಲ.
ಮೀಸೆ ಮೊದಲು ಹೋಯಿತು. ಕಾಲುಗಳು ಒಂದೊಂದೇ
ಕಾಗದದೊಳಕ್ಕೆ ಹಿಂದಿರುಗಿದವು.
ಕೊನೆಗೆ ಒಂದು ಚೌಕ, ಹಿಂಬದಿಯಲ್ಲಿ ಅಂಗಡಿಯ ಮುದ್ರೆ,
ಮೈತುಂಬ ಮುದುಕಿಯ ಅಂಗೈಯಷ್ಟು ಗೆರೆ.

ತಿಬುರ್ಸಿಯೊ ಎಣಿಸಿದ, ಉಬ್ಬಿಗೆ ಕೆಂಪು, ತಗ್ಗಿಗೆ ನೀಲಿ.
ಒಂದು ಗೆರೆ ಮಾತ್ರ ಯಾವ ಕಾಲಿಗೂ ಸೇರಲಿಲ್ಲ:
ಎಡಮೂಲೆಯಿಂದ ಹೊರಟು ನಡು ಮುಟ್ಟುವ ಮೊದಲೇ ನಿಂತಿತ್ತು.
"ಕೈತಪ್ಪು," ಎಂದ. "ಬಿಡಿ."

ರಾತ್ರಿ ಮನೆಯಲ್ಲಿ ಅದನ್ನು ಬಿಟ್ಟೇ ಮಡಿಸಿದೆ.
ಮಿಡತೆ ಆಯಿತು. ಆಟಿಕೆಯ ಹಾಗೆ ಕೂತಿತು.
ಇನ್ನೊಂದು ಹಾಳೆ ತೆಗೆದು
ಆ ಗೆರೆಯನ್ನೂ ಎಳೆದೆ, ಅಳಿಸಿದವನಂತೆ ಬಿಚ್ಚಿದೆ, ಮುಂದುವರಿದೆ.
ಹಿಂಗಾಲೊಂದು ಕೊಂಚ ಸಡಿಲಾಯಿತು,
ನೆಗೆಯಲೋ ಬೇಡವೋ ಎಂದು
ಯಾರದೋ ಹೆಜ್ಜೆ ಕೇಳಿಸಿಕೊಳ್ಳುತ್ತಿರುವಂತೆ.

ಅವಳ ಹಾಳೆ ಮಾತ್ರ ಮತ್ತೆ ಮಿಡತೆಯಾಗಲಿಲ್ಲ.
ಎರಡು ಸಲ ಯತ್ನಿಸಿದೆ, ಮಡಿಕೆಯಲ್ಲಿ ಹರಿಯತೊಡಗಿತು.
ಕೆಫೆಯ ಗಾಜಿನಡಿ ಚಪ್ಪಟೆ ಮಲಗಿದೆ.
ಮಕ್ಕಳು ಅದನ್ನು ಊರಿನ ನಕ್ಷೆಯೆಂದುಕೊಂಡು
ತಮ್ಮ ಮನೆ ಹುಡುಕುತ್ತಾರೆ.
ತಿಬುರ್ಸಿಯೊ ಆ ಕತ್ತರಿಯಲ್ಲಿ ಇವತ್ತಿಗೂ
ತನ್ನ ಮೀಸೆ ಕತ್ತರಿಸಿಕೊಳ್ಳುತ್ತಾನೆ.